ಸೇರಿದವರೆಷ್ಟು, ಮುಗಿಸಿದವರೆಷ್ಟು



ನಮ್ಮ ಕಾಲೇಜುಗಳ ವಾರ್ಷಿಕ ವರದಿಯ ಮೊದಲ ಪುಟದಲ್ಲೇ ಈ ಸಾಲಿನಲ್ಲಿ ಪ್ರವೇಶ ಪಡೆದವರು ಇಷ್ಟು ಎಂಬ ಅಂಕಿ ಇರುತ್ತದೆ. ಕೊನೆಯ ಪುಟಗಳಲ್ಲಿ ಅಂತಿಮ ವರ್ಷದ ಫಲಿತಾಂಶ ಶೇಕಡ ಇಷ್ಟು ಎಂಬ ಇನ್ನೊಂದು ಅಂಕಿ. ಇವೆರಡರ ನಡುವೆ ಯಾರು ಕಳೆದುಹೋದರು ಎಂಬುದು ಯಾವ ಪುಟದಲ್ಲೂ ಸಿಗುವುದಿಲ್ಲ. ಫಲಿತಾಂಶದ ಶೇಕಡಾವಾರು ತೆಗೆಯುವುದು ಪರೀಕ್ಷೆಗೆ ಕೂತವರ ಲೆಕ್ಕದಲ್ಲಿ. ಮೂರನೆಯ ಸೆಮಿಸ್ಟರಿಗೇ ಬಿಟ್ಟುಹೋದ ಹುಡುಗ ನಪಾಸಾದವನೂ ಅಲ್ಲ. ಅವನು ಲೆಕ್ಕದಲ್ಲೇ ಇಲ್ಲ. ಹತ್ತಿದವರ ಟಿಕೆಟ್ ಎಣಿಸಿ, ಕೊನೆಯ ನಿಲ್ದಾಣದಲ್ಲಿ ಇಳಿದವರಿಗೆ ಹಾರ ಹಾಕಿ, ದಾರಿಯಲ್ಲಿ ಬಿದ್ದವರನ್ನು ವಿಚಾರಿಸದ ಕಂಡಕ್ಟರನ್ನು ನಾವು ಸಹಿಸುವುದಿಲ್ಲ. ಕಾಲೇಜನ್ನು ಸಹಿಸುತ್ತೇವೆ.

ಇವತ್ತಿನ ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಅಮೆರಿಕದ ಕಮ್ಯುನಿಟಿ ಕಾಲೇಜುಗಳನ್ನು. ಅಮೆರಿಕದ ಓದು ಎಂದರೆ ನಮಗೆ ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ಇಲ್ಲವೇ ಎಂ.ಎಸ್. ಮಾಡಲು ಹೋದ ನೆಂಟರ ಹುಡುಗ. ಆ ದೇಶದಲ್ಲಿ ಸುಮಾರು ಒಂದು ಸಾವಿರ ಕಮ್ಯುನಿಟಿ ಕಾಲೇಜುಗಳಿವೆ ಎಂಬುದು ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಕೂಪರ್ಟಿನೊ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಮಾತ್ರ ಡಿ ಆಂಜಾ ಕಾಲೇಜು ಪಕ್ಕದ ಬೀದಿಯಷ್ಟು ಪರಿಚಿತ. ಈ ಕಾಲೇಜುಗಳು ಕಳೆದ ಇಪ್ಪತ್ತು ವರ್ಷಗಳಲ್ಲಿ ಮೊದಲ ಪುಟದ ಅಂಕಿಯಿಂದ ಕಣ್ಣು ಕಿತ್ತು, ನಡುವೆ ಕಳೆದುಹೋದವರ ಕಡೆ ನೋಡತೊಡಗಿದವು. ನೋಡಿದಾಗ ಕಂಡದ್ದು, ಮಾಡಿದ್ದು, ಎಡವಿದ್ದು ನಮ್ಮಂಥ ಊರಿನ ಕಾಲೇಜಿಗೆ ಹಾರ್ವರ್ಡಿನ ಕಥೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ನಂಬಿಕೆ.

ಹಿನ್ನೆಲೆಯನ್ನು ಬೇಗ ಹೇಳಿಬಿಡುತ್ತೇನೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನ ಹೈಸ್ಕೂಲಿನಲ್ಲಿ ಆರು ಜನ ವಿದ್ಯಾರ್ಥಿಗಳೊಂದಿಗೆ, ಇಂದಿನ ಕಮ್ಯುನಿಟಿ ಕಾಲೇಜಿನ ಪೂರ್ವರೂಪವಾದ ಒಂದು ಜೂನಿಯರ್ ಕಾಲೇಜು ಶುರುವಾಯಿತು. ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೈನಿ ಹಾರ್ಪರ್ ಮತ್ತು ಆ ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಸೇರಿ ಹೂಡಿದ ಆಟ ಅದು. ಪದವಿಯ ಮೊದಲೆರಡು ವರ್ಷದ ಪಾಠವನ್ನು ವಿಶ್ವವಿದ್ಯಾಲಯದ ತಲೆಯ ಮೇಲಿಂದ ಇಳಿಸಬೇಕೆಂಬ ಆಸೆ ಹಾರ್ಪರ್‌ಗೆ ಇತ್ತು. ಬಡವರ ಉದ್ಧಾರವೇ ಉದ್ದೇಶವೆಂದು ಹೇಳಲಾಗದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರ ವರದಿಯಲ್ಲಿ, ದೇಶದ ಸುಮಾರು ಅರ್ಧದಷ್ಟು ಜನಕ್ಕೆ ಹೈಸ್ಕೂಲಿನ ಮೇಲೆ ಎರಡು ವರ್ಷ ಸೇರಿ ಹದಿನಾಲ್ಕು ವರ್ಷದ ಓದನ್ನು ಮುಗಿಸುವ ಬುದ್ಧಿಶಕ್ತಿ ಇದೆ, ಅದಕ್ಕೆ ಬೇಕಾದ ಕಾಲೇಜು ಅವರವರ ಊರಿನಲ್ಲೇ ಇರಬೇಕು ಎಂದಿತು. ಅರವತ್ತರ ದಶಕದಲ್ಲಿ ಈ ಕಾಲೇಜುಗಳು ಮಳೆಗಾಲದ ಅಣಬೆಗಳ ಹಾಗೆ ಎದ್ದವು. ಹೈಸ್ಕೂಲು ಮುಗಿಸಿದ ಯಾರು ಬೇಕಾದರೂ, ಯಾವ ವಯಸ್ಸಿನಲ್ಲಾದರೂ ಬಂದು ಸೇರಬಹುದು. ಎರಡು ವರ್ಷದ ಅಸೋಸಿಯೇಟ್ ಪದವಿ ಮುಗಿಸಿ ಕೆಲಸ ಹಿಡಿಯಬಹುದು, ಇಲ್ಲವೇ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ವರ್ಗವಾಗಬಹುದು.

ಬಾಗಿಲು ತೆರೆದದ್ದೇನೋ ಸರಿ. ಒಳಗೆ ಏನಾಗುತ್ತಿದೆ ಎಂದು ಮೊದಲು ಇಣುಕಿದವರಲ್ಲಿ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞರು ಒಬ್ಬರು. ಇವತ್ತು ನಮ್ಮ ಎಂಜಿನಿಯರುಗಳು ತುಂಬಿರುವ ಸ್ಯಾನ್ ಹೋಸೆಯ ಜೂನಿಯರ್ ಕಾಲೇಜನ್ನು ಅಧ್ಯಯನ ಮಾಡಿ 1960ರಲ್ಲಿ ಅವರು ಒಂದು ಕಹಿ ಮಾತು ಬರೆದರು. ಎಲ್ಲರನ್ನೂ ಸೇರಿಸಿಕೊಂಡ ಕಾಲೇಜು, ಎಲ್ಲರೂ ಮೇಲೇರಲಾಗದೆಂದು ತಿಳಿದಿರುವುದರಿಂದ, ಅನೇಕರ ಆಸೆಯನ್ನು ಮೆಲ್ಲಮೆಲ್ಲಗೆ ತಣ್ಣಗಾಗಿಸುವ ಕೆಲಸ ಮಾಡುತ್ತದೆ. ಮೊದಲು ಒಂದು ಪರೀಕ್ಷೆ, ಆಮೇಲೆ ಪೂರ್ವಸಿದ್ಧತೆಯ ತರಗತಿ, ಆಮೇಲೆ ಸಲಹೆಗಾರರ ಮೃದುವಾದ ಮಾತು: ನಿನಗೆ ಆ ಓದು ಬೇಡ, ಈ ಕಸುಬು ಒಪ್ಪುತ್ತದೆ. ಯಾರೂ ಹೊರಗೆ ದಬ್ಬುವುದಿಲ್ಲ. ಹುಡುಗ ತಾನೇ ಒಪ್ಪಿಕೊಂಡು ಹೊರನಡೆಯುತ್ತಾನೆ, ತಪ್ಪು ತನ್ನದೇ ಎಂದುಕೊಂಡು. ಈ ಪರಿಕಲ್ಪನೆಯನ್ನು ಕ್ಲಾರ್ಕ್ ಎರವಲು ಪಡೆದದ್ದು ಅರ್ವಿಂಗ್ ಗಾಫ್‌ಮನ್ ಮೋಸಗಾರರ ಜಾಲದ ಮೇಲೆ ಬರೆದ ಲೇಖನದಿಂದ. ಅಲ್ಲಿ ದುಡ್ಡು ಕಳೆದುಕೊಂಡವನನ್ನು ಗಲಾಟೆ ಮಾಡದಂತೆ ಸಮಾಧಾನಪಡಿಸಿ ಕಳಿಸಲು ಜಾಲದವನೇ ಒಬ್ಬ ಇರುತ್ತಾನಂತೆ.

ಮುಂದಿನ ಮೂವತ್ತು ವರ್ಷ ಈ ಮಾತು ಪುಸ್ತಕದಲ್ಲೇ ಉಳಿಯಿತು. ಎಷ್ಟು ಜನ ಸೇರಿದರೋ ಅಷ್ಟು ಅನುದಾನ ಎಂಬ ಲೆಕ್ಕವಿರುವವರೆಗೆ ಬಿಟ್ಟುಹೋದವರನ್ನು ಹುಡುಕುವ ಅಗತ್ಯ ಯಾವ ಆಡಳಿತ ಮಂಡಳಿಗೂ ಬರಲಿಲ್ಲ. 1990ರಲ್ಲಿ ಬಂದ ಕೇಂದ್ರದ ಕಾಯ್ದೆಯೊಂದು ಪ್ರತಿ ಕಾಲೇಜೂ ತನ್ನ ಪದವಿ ದರವನ್ನು ಪ್ರಕಟಿಸಬೇಕೆಂದಿತು. ಎರಡು ವರ್ಷದ ಓದನ್ನು ಮೂರು ವರ್ಷದೊಳಗೆ ಮುಗಿಸಿದವರ ಪ್ರಮಾಣವೇ ಆ ದರ. ಅಂಕಿಗಳು ಹೊರಬಿದ್ದಾಗ ಅನೇಕ ಕಾಲೇಜುಗಳ ಮುಖ ಸಣ್ಣದಾಯಿತು. ಆ ಅಳತೆಗೋಲಿನಲ್ಲೂ ದೋಷವಿತ್ತು ಎಂಬುದನ್ನು ಹೇಳಲೇಬೇಕು. ಮೊದಲ ಬಾರಿಗೆ, ಪೂರ್ಣಾವಧಿಗೆ ಸೇರಿದವರನ್ನು ಮಾತ್ರ ಅದು ಎಣಿಸುತ್ತಿತ್ತು. ಹಗಲು ದುಡಿದು ಸಂಜೆ ಎರಡು ವಿಷಯ ಓದುವವರು ಹೊರಗೆ. ಪದವಿ ಪತ್ರ ಕೈಗೆ ಬರುವ ಮೊದಲೇ ವಿಶ್ವವಿದ್ಯಾಲಯಕ್ಕೆ ವರ್ಗವಾಗಿ ಗೆದ್ದವಳೂ ಪದವೀಧರರ ಸಾಲಿಗೆ ಸೇರುತ್ತಿರಲಿಲ್ಲ. ಆದರೂ ಓರೆಯಾದ ಕನ್ನಡಿ ಕನ್ನಡಿಯೇ ಇಲ್ಲದ್ದಕ್ಕಿಂತ ವಾಸಿ. 2004ರಲ್ಲಿ ಲುಮಿನಾ ಫೌಂಡೇಶನ್ನಿನ ಬೆಂಬಲದಿಂದ 'ಅಚೀವಿಂಗ್ ದ ಡ್ರೀಮ್' ಎಂಬ ಕಾಲೇಜುಗಳ ಕೂಟ ಹುಟ್ಟಿತು. ಅದರಲ್ಲಿ ಸೇರಿದ ಕಾಲೇಜುಗಳು ತಮ್ಮ ಅಂಕಿಗಳನ್ನು ಜನಾಂಗ, ಆದಾಯ, ವಯಸ್ಸಿನ ಪ್ರಕಾರ ಒಡೆದು ನೋಡಲು ಒಪ್ಪಿಕೊಂಡವು. ಸರಾಸರಿಯ ಚಾದರದ ಕೆಳಗೆ ಯಾರು ಮುಚ್ಚಿಹೋಗಿದ್ದಾರೆ ಎಂಬುದು ಒಡೆದಾಗಲೇ ಕಾಣುವುದು.

ಇನ್ನು ನನ್ನ ಮಾತಿನ ತಿರುಳಿಗೆ ಬರುತ್ತೇನೆ. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯಕ್ಕೆ ಸೇರಿದ ಕಮ್ಯುನಿಟಿ ಕಾಲೇಜುಗಳು 2007ರಲ್ಲಿ ಒಂದು ಕಾರ್ಯಕ್ರಮ ಶುರುಮಾಡಿದವು. ಅದರ ಉದ್ದನೆಯ ಹೆಸರನ್ನು ಬಿಟ್ಟು ಎಲ್ಲರೂ ಅದನ್ನು 'ಎಸ್ಯಾಪ್' ಎನ್ನುತ್ತಾರೆ. ಮೇಯರ್ ಬ್ಲೂಮ್‌ಬರ್ಗ್ ಅವರ ಬಡತನ ನಿವಾರಣೆಯ ಯೋಜನೆಯಿಂದ ಹಣ ಬಂತು. ಗುರಿಯನ್ನು ಒಂದೇ ವಾಕ್ಯದಲ್ಲಿ ಇಟ್ಟುಕೊಂಡರು: ಸೇರಿದವರಲ್ಲಿ ಅರ್ಧದಷ್ಟಾದರೂ ಮೂರು ವರ್ಷದಲ್ಲಿ ಪದವಿ ಪಡೆಯಬೇಕು. ಮೊದಲ ತಂಡವೇ ಆ ಗುರಿ ದಾಟಿತು. ಚೆನ್ನಾಗಿ ಓದುವವರನ್ನೇ ಆರಿಸಿಕೊಂಡರೆ ಯಾರು ದಾಟುವುದಿಲ್ಲ ಎಂದು ಕೆಲವರು ಮೂಗು ಮುರಿದರು. ಅನುಮಾನ ಸುಳ್ಳಲ್ಲ; ಮೊದಲ ತಂಡದಲ್ಲಿ ಗಣಿತ, ಇಂಗ್ಲಿಷ್‌ನ ಪೂರ್ವಸಿದ್ಧತೆ ಬೇಕಿಲ್ಲದವರೇ ಇದ್ದರು. ಹಾಗಾಗಿ ಎಂಡಿಆರ್‌ಸಿ ಎಂಬ ಸ್ವತಂತ್ರ ಸಂಶೋಧನಾ ಸಂಸ್ಥೆ, ಈ ಬಾರಿ ಪೂರ್ವಸಿದ್ಧತೆಯ ತರಗತಿ ಬೇಕಾದ, ಕಡಿಮೆ ಆದಾಯದ 896 ವಿದ್ಯಾರ್ಥಿಗಳನ್ನು ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿತು. ಬ್ರೂಕ್ಲಿನ್, ಮ್ಯಾನ್‌ಹಟನ್, ಕ್ವೀನ್ಸ್‌ನ ಮೂರು ಕಾಲೇಜುಗಳಲ್ಲಿ ಒಂದು ಗುಂಪಿಗೆ ಎಸ್ಯಾಪ್, ಇನ್ನೊಂದಕ್ಕೆ ಎಂದಿನ ವ್ಯವಸ್ಥೆ. 2015ರಲ್ಲಿ ಫಲಿತಾಂಶ ಬಂತು. ಮೂರು ವರ್ಷದಲ್ಲಿ ಪದವಿ ಪಡೆದವರು ಎಂದಿನ ಗುಂಪಿನಲ್ಲಿ ಶೇಕಡ 22, ಎಸ್ಯಾಪ್ ಗುಂಪಿನಲ್ಲಿ ಶೇಕಡ 40. ಶಿಕ್ಷಣದ ಪ್ರಯೋಗಗಳಲ್ಲಿ ಎರಡು ಮೂರು ಅಂಶದ ಏರಿಕೆ ಬಂದರೆ ಸಂಭ್ರಮಿಸುವವರಿಗೆ ಇದು ನಂಬಲಾಗದ ಅಂತರ.

ಏನು ಮಾಡಿದರು? ಪಠ್ಯಕ್ರಮ ಬದಲಿಸಲಿಲ್ಲ. ಹೊಸ ಅಧ್ಯಾಪಕರನ್ನು ಆಮದು ಮಾಡಿಕೊಳ್ಳಲಿಲ್ಲ. ಪರೀಕ್ಷೆಯನ್ನು ಸಡಿಲಿಸಲಿಲ್ಲ. ಸಲಹೆಗಾರರೊಬ್ಬರ ಪಾಲಿಗೆ 60ರಿಂದ 80 ವಿದ್ಯಾರ್ಥಿಗಳು ಮಾತ್ರ ಬರುವಂತೆ ಮಾಡಿದರು. ಅದೇ ಕಾಲೇಜುಗಳಲ್ಲಿ ಉಳಿದವರಿಗೆ ಒಬ್ಬ ಸಲಹೆಗಾರರ ಕೆಳಗೆ 600ರಿಂದ 1,500 ಜನ. ತಿಂಗಳಿಗೆ ಎರಡು ಸಲವಾದರೂ ಮುಖ ತೋರಿಸಬೇಕು. ಒಂದೇ ತಂಡದವರಿಗೆ ತರಗತಿಗಳು ಒಂದರ ಹಿಂದೆ ಒಂದು ಬರುವ ಹಾಗೆ ವೇಳಾಪಟ್ಟಿ ಜೋಡಿಸಿದರು. ಬೆಳಗ್ಗೆ ಒಂದು, ಸಂಜೆ ಒಂದು ತರಗತಿ ಇಟ್ಟರೆ ನಡುವಿನ ಹೊತ್ತಿನಲ್ಲಿ ಕೆಲಸಕ್ಕೂ ಹೋಗಲಾಗದು, ಓದಲೂ ಆಗದು. ಪಠ್ಯಪುಸ್ತಕ ಉಚಿತ. ಪೂರ್ವಸಿದ್ಧತೆಯ ತರಗತಿಯನ್ನು ಮುಂದೂಡದೆ ಮೊದಲೇ ಮುಗಿಸಿಕೊಳ್ಳಬೇಕೆಂಬ ಕಟ್ಟುಪಾಡು.

ಆಮೇಲೆ ಮೆಟ್ರೊಕಾರ್ಡ್. ನ್ಯೂಯಾರ್ಕಿನ ಸುರಂಗ ರೈಲು, ಬಸ್ಸುಗಳಲ್ಲಿ ತಿಂಗಳಿಡೀ ಓಡಾಡುವ ಪಾಸಿಗೆ ಆಗ ನೂರು ಡಾಲರಿಗೂ ಹೆಚ್ಚು ಬೆಲೆ. ಅದನ್ನು ಪ್ರತಿ ತಿಂಗಳು ಉಚಿತವಾಗಿ ಕೊಟ್ಟರು. ಅಂಚೆಯಲ್ಲಿ ಕಳಿಸಲಿಲ್ಲ, ಕಾರ್ಯಕ್ರಮದ ಕಟ್ಟುಪಾಡು ಪಾಲಿಸಿದವರಿಗೆ, ಸಲಹೆಗಾರರನ್ನು ಕಂಡು ಬಂದವರಿಗೆ ಕೈಗೆ ಕೊಟ್ಟರು. ಪಾಸಿಗಾಗಿ ಬಂದವಳು ಗಣಿತದ ತರಗತಿ ಬಿಟ್ಟಿದ್ದನ್ನೂ, ಮನೆಯಲ್ಲಿ ತಾಯಿಗೆ ಕಾಯಿಲೆಯಾದದ್ದನ್ನೂ ಹೇಳಿ ಹೋಗುತ್ತಾಳೆ. ನನಗೆ ಇಡೀ ಕಾರ್ಯಕ್ರಮದಲ್ಲಿ ಅತಿ ಜಾಣತನದ ಏರ್ಪಾಡು ಎನಿಸಿದ್ದು ಇದು. ಸಹಾಯ ಬೇಕಾದವರು ಸಹಾಯ ಕೇಳಿಕೊಂಡು ಬರುವುದಿಲ್ಲ, ನಾಚಿಕೆ ಅಡ್ಡ ಬರುತ್ತದೆ. ಪಾಸು ಕೇಳಲು ಯಾವ ನಾಚಿಕೆ?

ಶುಲ್ಕದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಸರ್ಕಾರದ ಧನಸಹಾಯ ಹೋಗಿ ಉಳಿದ ಶುಲ್ಕವನ್ನೂ ಎಸ್ಯಾಪ್ ಮನ್ನಾ ಮಾಡಿತ್ತು. ಆದರೆ ಬಡ ವಿದ್ಯಾರ್ಥಿಗಳ ಶುಲ್ಕ ಕೇಂದ್ರ ಸರ್ಕಾರದ ಪೆಲ್ ಅನುದಾನ ಮತ್ತು ರಾಜ್ಯದ ವಿದ್ಯಾರ್ಥಿವೇತನದಲ್ಲೇ ತೀರಿಹೋಗುತ್ತಿದ್ದುದರಿಂದ ಆ ಮನ್ನಾ ಬಳಸಿಕೊಂಡವರು ಕೆಲವರೇ. ಅಂದರೆ ಎರಡೂ ಗುಂಪಿನ ಹೆಚ್ಚಿನವರಿಗೆ ಕಾಲೇಜು ಹೇಗೂ ಉಚಿತವಾಗಿತ್ತು, ಆದರೂ ಎಂದಿನ ಗುಂಪಿನಲ್ಲಿ ಐದರಲ್ಲಿ ಸುಮಾರು ನಾಲ್ಕು ಜನ ಮೂರು ವರ್ಷದಲ್ಲಿ ಮುಗಿಸಲಿಲ್ಲ. ಶುಲ್ಕ ಮನ್ನಾ ಮಾಡಿ ಕೈತೊಳೆದುಕೊಳ್ಳುವ ಸರ್ಕಾರಗಳು ಈ ಸಂಗತಿಯನ್ನು ಗೋಡೆಗೆ ಬರೆಸಿಕೊಳ್ಳಬೇಕು.

ದುಬಾರಿಯಲ್ಲವೇ ಎಂದು ನಮ್ಮ ಹಣಕಾಸು ಸಮಿತಿಯವರು ಕೇಳುತ್ತಾರೆ. ದುಬಾರಿಯೇ. ತಲಾ ವೆಚ್ಚ ಎಂದಿನದಕ್ಕಿಂತ ಶೇಕಡ 60ಕ್ಕೂ ಹೆಚ್ಚು. ಆದರೆ ಒಟ್ಟು ಖರ್ಚನ್ನು ಸೇರಿದವರ ಸಂಖ್ಯೆಯಿಂದ ಭಾಗಿಸುವ ಬದಲು ಮುಗಿಸಿದವರ ಸಂಖ್ಯೆಯಿಂದ ಭಾಗಿಸಿ ನೋಡಿದರು. ಒಂದು ಪದವಿಗೆ ತಗಲುವ ವೆಚ್ಚ ಎಸ್ಯಾಪ್‌ನಲ್ಲೇ ಸುಮಾರು ಶೇಕಡ 11ರಷ್ಟು ಕಡಿಮೆ ಬಂತು. ಛೇದ ಬದಲಾದರೆ ಉತ್ತರ ಬದಲಾಗುತ್ತದೆ. ಯಾವ ಛೇದವನ್ನು ಇಟ್ಟುಕೊಳ್ಳುತ್ತೀರಿ ಎಂಬುದರಲ್ಲೇ ಕಾಲೇಜಿನ ದೂರದ ಗುರಿ ಏನು ಎಂಬುದು ತೀರ್ಮಾನವಾಗಿಬಿಡುತ್ತದೆ. ಆ ನಗರ ಕಾರ್ಯಕ್ರಮವನ್ನು 25,000 ವಿದ್ಯಾರ್ಥಿಗಳಿಗೆ ವಿಸ್ತರಿಸಲು ಹೊರಟಿತು.

ನ್ಯೂಯಾರ್ಕಿನಲ್ಲಿ ಆದದ್ದು ಬೇರೆಡೆ ಆದೀತೇ? ಒಹಾಯೊ ರಾಜ್ಯದ ಮೂರು ಕಾಲೇಜುಗಳು 2014ರಿಂದ ಮಾಡಿ ನೋಡಿದವು. ಅಲ್ಲಿ ನ್ಯೂಯಾರ್ಕಿನಂಥ ಸುರಂಗ ರೈಲಿನ ಜಾಲವಿಲ್ಲ, ಹೆಚ್ಚಿನವರು ಕಾರಿನಲ್ಲಿ ಓಡಾಡುವವರು. ಮೆಟ್ರೊಕಾರ್ಡಿನ ಬದಲು ಪೆಟ್ರೋಲಿಗೋ ದಿನಸಿಗೋ ಆಗುವ 50 ಡಾಲರಿನ ಕಾರ್ಡು ಕೊಟ್ಟರು. ಮೂರು ವರ್ಷದಲ್ಲಿ ಮುಗಿಸಿದವರು ಶೇಕಡ 19ರ ಎದುರು 35. ಊರು ಬದಲಾದಾಗ ಏನನ್ನು ಬದಲಿಸಬೇಕು, ಏನನ್ನು ಬದಲಿಸಬಾರದು ಎಂಬ ವಿವೇಕ ಅವರಿಗಿತ್ತು.

ಎಸ್ಯಾಪ್ ಬಗ್ಗೆ ನನಗೆ ಒಂದು ತಕರಾರಿದೆ. ಪೂರ್ಣಾವಧಿ ಓದುವುದು ಅದರ ಕಡ್ಡಾಯ ಷರತ್ತು. ಮಗುವನ್ನು ಮಲಗಿಸಿ ವಾರಕ್ಕೆರಡು ಸಂಜೆ ಬರುವ ತಾಯಿ ಆ ಷರತ್ತಿನಲ್ಲೇ ಹೊರಗುಳಿಯುತ್ತಾಳೆ. ಅತಿ ಕಷ್ಟದಲ್ಲಿರುವವರನ್ನು ಬಿಟ್ಟು ಸ್ವಲ್ಪ ಕಡಿಮೆ ಕಷ್ಟದಲ್ಲಿರುವವರನ್ನು ದಡ ಸೇರಿಸಿದರು ಎಂದು ಯಾರಾದರೂ ಅಂದರೆ ಉತ್ತರ ಕೊಡುವುದು ಸುಲಭವಲ್ಲ.

ಕ್ಯಾಲಿಫೋರ್ನಿಯಾದ ಹಾದಿ ಬೇರೆ. ನೂರಕ್ಕೂ ಮಿಕ್ಕಿ ಕಾಲೇಜುಗಳಿರುವ ಅಲ್ಲಿನ ಕಮ್ಯುನಿಟಿ ಕಾಲೇಜು ವ್ಯವಸ್ಥೆ 2017ರಲ್ಲಿ ಐದು ವರ್ಷದ ಗುರಿಗಳನ್ನು ಬರೆದುಕೊಂಡಿತು. ಪದವಿ, ಪ್ರಮಾಣಪತ್ರ ಪಡೆಯುವವರ ಸಂಖ್ಯೆ ಶೇಕಡ 20ರಷ್ಟು, ವಿಶ್ವವಿದ್ಯಾಲಯಕ್ಕೆ ವರ್ಗವಾಗುವವರ ಸಂಖ್ಯೆ ಶೇಕಡ 35ರಷ್ಟು ಹೆಚ್ಚಬೇಕು. ಸಮುದಾಯಗಳ ನಡುವಿನ ಅಂತರ ಹತ್ತು ವರ್ಷದಲ್ಲಿ ಪೂರ್ತಿ ಅಳಿಯಬೇಕು. ಇವೆಲ್ಲ ಎಲ್ಲರೂ ಬರೆಯುವ ಬಗೆಯವು. ನನ್ನ ಕಣ್ಣು ನಿಂತದ್ದು ಇನ್ನೊಂದರ ಮೇಲೆ: ಪದವಿ ಪಡೆಯುವ ವಿದ್ಯಾರ್ಥಿ ಒಟ್ಟುಗೂಡಿಸುವ ಯೂನಿಟ್‌ಗಳ ಸರಾಸರಿ 87ರಿಂದ 79ಕ್ಕೆ ಇಳಿಯಬೇಕು. ಪದವಿಗೆ ಬೇಕಾದದ್ದು 60 ಯೂನಿಟ್, ಅಂದರೆ ಕ್ರೆಡಿಟ್, ಮಾತ್ರ. ಉಳಿದ 27 ದಾರಿ ತಪ್ಪಿ ಓದಿದ್ದು, ವಿಶ್ವವಿದ್ಯಾಲಯ ಒಪ್ಪದೆ ಬಿಟ್ಟದ್ದು, ಯಾರೂ ಹೇಳದ್ದರಿಂದ ಎರಡು ಸಲ ಓದಿದ್ದು. ಈ ಗುರಿ ವಿದ್ಯಾರ್ಥಿಯ ಸೋಮಾರಿತನವನ್ನು ಅಳೆಯುವುದಿಲ್ಲ, ಕಾಲೇಜು ತೋರಿಸಿದ ತಪ್ಪು ದಾರಿಯನ್ನು ಅಳೆಯುತ್ತದೆ.

ಪೂರ್ವಸಿದ್ಧತೆಯ ತರಗತಿಗಳೂ ಹಾಗೆಯೇ. ಪ್ರವೇಶದ ಹೊತ್ತಿಗೆ ಗಡಿಬಿಡಿಯಲ್ಲಿ ಬರೆದ ಒಂದು ಪರೀಕ್ಷೆಯ ಅಂಕ ನೋಡಿ ಹುಡುಗಿಯನ್ನು ಕಾಲೇಜು ಗಣಿತಕ್ಕಿಂತ ಮೂರು ಮೆಟ್ಟಿಲು ಕೆಳಗೆ ಕೂರಿಸುತ್ತಿದ್ದರು. ಪ್ರತಿ ಮೆಟ್ಟಿಲಿನಲ್ಲೂ ನೂರಕ್ಕೆ 70 ಜನ ಪಾಸಾಗುತ್ತಾರೆಂದು ಇಟ್ಟುಕೊಳ್ಳಿ. ಯಾವ ಅಧ್ಯಾಪಕರೂ ಕೆಟ್ಟದ್ದೆನ್ನದ ಫಲಿತಾಂಶ ಅದು. ನೂರು ಜನ 70 ಆಗುತ್ತಾರೆ, 70 ಜನ 49, ಅವರು 34, ಕಾಲೇಜು ಗಣಿತವನ್ನು ದಾಟುವಾಗ 24. ಒಬ್ಬೊಬ್ಬ ಅಧ್ಯಾಪಕರೂ ತಮ್ಮ ಕೋಣೆಯಲ್ಲಿ ಗೆದ್ದಿದ್ದಾರೆ, ಕಾಲೇಜು ಸೋತಿದೆ. 2017ರಲ್ಲಿ ಕ್ಯಾಲಿಫೋರ್ನಿಯಾ ಮಾಡಿದ ಕಾಯ್ದೆ ಈ ಮೆಟ್ಟಿಲುಗಳನ್ನು ಬಹುಮಟ್ಟಿಗೆ ಕಿತ್ತುಹಾಕಿತು. ಹೈಸ್ಕೂಲಿನ ಅಂಕಗಳನ್ನು ನೋಡಿ ನೇರವಾಗಿ ಕಾಲೇಜು ಮಟ್ಟದ ಗಣಿತ, ಇಂಗ್ಲಿಷ್‌ಗೆ ಕೂರಿಸಿ, ಬೇಕಾದ ಹೆಚ್ಚಿನ ನೆರವನ್ನು ಅದೇ ತರಗತಿಯ ಜೊತೆಗೆ ಕೊಡಿ ಎಂದಿತು. ಗಣಿತದ ಅಧ್ಯಾಪಕರಲ್ಲಿ ಅನೇಕರು ಸಿಟ್ಟಾದರು. ತೀರಾ ಹಿಂದುಳಿದವರು ಇದರಲ್ಲಿ ಮುಳುಗುತ್ತಾರೆ ಎಂಬ ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ.

ಗುರಿಗಳು ಅಂಕಿಗಳಾದಾಗ ಅಂಕಿಗಳನ್ನೇ ಬೆಳೆಯುವ ಚಪಲ ಹುಟ್ಟುತ್ತದೆ. ವಾಷಿಂಗ್ಟನ್ ರಾಜ್ಯ ಫಲಿತಾಂಶಕ್ಕೆ ತಕ್ಕ ಅನುದಾನ ಎಂದಾಗ ಎರಡು ವರ್ಷದ ಪದವಿಗಳು ಹೆಚ್ಚಲಿಲ್ಲ, ಕೆಲವೇ ತಿಂಗಳ ಅಲ್ಪಾವಧಿ ಪ್ರಮಾಣಪತ್ರಗಳು ಹೆಚ್ಚಿದವು ಎಂದು ಸಂಶೋಧಕರು ತೋರಿಸಿದ್ದಾರೆ. ಬರೀ ಪ್ರವೇಶವನ್ನು ಎಣಿಸಿದರೂ ಮೋಸ ತಪ್ಪಿದ್ದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇತ್ತೀಚೆಗೆ ಧನಸಹಾಯ ಲಪಟಾಯಿಸಲು ಇಲ್ಲದ ವಿದ್ಯಾರ್ಥಿಗಳ ಹೆಸರಿನಲ್ಲಿ ಕಂಪ್ಯೂಟರೇ ಅರ್ಜಿ ಹಾಕಿದ ಪ್ರಕರಣಗಳು ರಾಶಿ ಬಿದ್ದಿವೆ.

ಈಗ ನಮ್ಮ ಕಡೆ. ಕಮ್ಯುನಿಟಿ ಕಾಲೇಜು ಎಂಬ ಹೆಸರು ಭಾರತಕ್ಕೆ ಬಂದು ಬಹಳ ಕಾಲವಾಯಿತು. 1995ರಲ್ಲಿ ಪಾಂಡಿಚೇರಿಯಲ್ಲಿ ಒಂದು ಶುರುವಾಯಿತು. 2013ರಲ್ಲಿ ಯುಜಿಸಿ, ಅದಾಗಲೇ ಇದ್ದ ಕಾಲೇಜುಗಳೊಳಗೇ ಕೌಶಲದ ಡಿಪ್ಲೊಮಾ ನಡೆಸಲು ಯೋಜನೆ ಮಾಡಿತು. ಪ್ರಮಾಣಪತ್ರವನ್ನು ತಂದೆವು, ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಏರುವ ಏಣಿಯನ್ನು ತರಲಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಬಿಟ್ಟರೆ ಡಿಪ್ಲೊಮಾ. 2021ರಲ್ಲಿ ಅದನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕ. 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದೂ ಕರ್ನಾಟಕವೇ. ನಡುವೆ ಬಿಟ್ಟವರ ಕೈಗೆ ಕಾಗದ ಕೊಟ್ಟು ಕಳಿಸುವುದನ್ನು ಕ್ಲಾರ್ಕ್ ಕಂಡಿದ್ದರೆ ಏನೆನ್ನುತ್ತಿದ್ದರು ಎಂದು ನೀವೇ ಊಹಿಸಬಹುದು.

ಆದರೆ ಎಸ್ಯಾಪ್‌ನ ತಿಳಿವಳಿಕೆ ನಮಗೆ ಹೊಸದಲ್ಲ. ಓದುವ ಹುಡುಗನಿಗೆ ಪಾಠಕ್ಕಿಂತ ಮೊದಲು ಊಟ, ಮಲಗಲು ಜಾಗ, ವಿಚಾರಿಸಲು ಒಬ್ಬ ಹಿರಿಯ ಬೇಕು ಎಂಬುದನ್ನು ವಾರಾನ್ನದ ಮನೆಗಳು ಅರಿತಿದ್ದವು. ಆ ಅನ್ನದಲ್ಲಿ ಜಾತಿಯ ಗೆರೆಯಿತ್ತು, ಅವಮಾನದ ಉಪ್ಪೂ ಇತ್ತು. ಅದನ್ನು ಹೊಗಳಿ ಹಾಡುವ ಅಗತ್ಯವಿಲ್ಲ. ಮಠಗಳ, ಸಮುದಾಯಗಳ ವಿದ್ಯಾರ್ಥಿನಿಲಯಗಳು ಆ ಕೆಲಸವನ್ನು ದೊಡ್ಡದಾಗಿ ಮಾಡಿದವು. ಸಿದ್ಧಗಂಗೆಯಲ್ಲಿ ಅನ್ನ, ಅಕ್ಷರ, ಆಶ್ರಯ ಒಟ್ಟಿಗೇ ಸಿಕ್ಕವು. ಸರ್ಕಾರದ ವಿದ್ಯಾಸಿರಿ ಯೋಜನೆ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ತಿಂಗಳಿಗೆ ಇಷ್ಟೆಂದು ಹಣ ಕೊಡುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳು ಬಸ್ಸಿನಲ್ಲಿ ಉಚಿತವಾಗಿ ಬರುತ್ತಿದ್ದಾರೆ. ಮೆಟ್ರೊಕಾರ್ಡು ನಮ್ಮಲ್ಲಿ ಬಂದಾಗಿದೆ. ಬರದೇ ಇರುವುದು ಆ ಕಾರ್ಡು ಕೊಡುವ ನೆಪದಲ್ಲಿ ಹೇಗಿದ್ದೀಯಮ್ಮ ಎಂದು ಕೇಳುವ ಮನುಷ್ಯ.

ಮೆಂಟರ್ ವ್ಯವಸ್ಥೆ ಇದೆಯಲ್ಲ ಎನ್ನುತ್ತೀರಿ. ಇದೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹಿಂದಿನ ವಾರ ಮೂರು ವರ್ಷದ ಮೆಂಟರ್ ಡೈರಿಗೆ ಒಂದೇ ಶಾಯಿಯಲ್ಲಿ ಸಹಿ ಬೀಳುವುದನ್ನು ಈ ಸಭೆಯಲ್ಲಿರುವ ಅಧ್ಯಾಪಕರೆಲ್ಲ ಕಂಡಿದ್ದಾರೆ. ನಗುತ್ತಿರುವವರು ಸಹಿ ಹಾಕಿದವರೂ ಹೌದು. ಅಧ್ಯಾಪಕರನ್ನು ಬೈಯಲು ನಾನು ಈ ಮಾತು ಹೇಳುತ್ತಿಲ್ಲ. ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತೇನೋ ಇಲ್ಲವೋ ಎಂದು ತಿಳಿಯದ ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಅರ್ಧ ಕಾಲೇಜು ನಿಂತಿರುವಾಗ, ವಿದ್ಯಾರ್ಥಿಯ ಮೂರು ವರ್ಷವನ್ನು ನೋಡಿಕೊಳ್ಳಿ ಎಂದು ಯಾರಿಗೆ ಹೇಳುವುದು? ತಾನೇ ಉಳಿಯುವ ಖಾತ್ರಿ ಇಲ್ಲದವನು ಇನ್ನೊಬ್ಬನನ್ನು ಉಳಿಸಿಕೊಳ್ಳಲಾರ. ವಿದ್ಯಾರ್ಥಿ ಯಶಸ್ಸಿನ ದೀರ್ಘಕಾಲದ ಗುರಿ ಬರೆಯುವ ಸರ್ಕಾರ ಮೊದಲು ಈ ಖಾತ್ರಿಯನ್ನು ಬರೆಯಬೇಕು.

ಅದಕ್ಕೆ ಕಾಯದೆ ಕಾಲೇಜೇ ಮಾಡಬಹುದಾದ ಕೆಲಸವೂ ಇದೆ. ಫ್ಲಾರಿಡಾದ ವೆಲೆನ್ಸಿಯಾ ಕಾಲೇಜು ಕಮ್ಯುನಿಟಿ ಕಾಲೇಜುಗಳಿಗೆಂದು ಆಸ್ಪೆನ್ ಸಂಸ್ಥೆ ಕೊಡುವ ಬಹುಮಾನವನ್ನು 2011ರಲ್ಲಿ ಎಲ್ಲರಿಗಿಂತ ಮೊದಲು ಪಡೆದದ್ದು ಕಟ್ಟಡ ಕಟ್ಟಿ ಅಲ್ಲ. ಪಾಠ ಶುರುವಾದ ತರಗತಿಗೆ ತಡವಾಗಿ ಯಾರನ್ನೂ ಸೇರಿಸುವುದಿಲ್ಲ ಎಂಬಂಥ ಸಣ್ಣ ಸಣ್ಣ ನಿಯಮಗಳನ್ನು ಅದು ಗಟ್ಟಿಯಾಗಿ ಹಿಡಿಯಿತು. ನಮ್ಮಲ್ಲಿ ದಾಖಲಾತಿಯ ಕೊನೆಯ ದಿನಾಂಕ ವಿಸ್ತರಣೆಯಾಗುತ್ತಲೇ ಹೋಗುತ್ತದೆ. ತಡವಾಗಿ ಬಂದವನು ಮೊದಲ ಆಂತರಿಕ ಪರೀಕ್ಷೆಯ ಹೊತ್ತಿಗೆ ಪುಸ್ತಕವನ್ನೇ ಕೊಂಡಿರುವುದಿಲ್ಲ.

ಪ್ರಾಂಶುಪಾಲರಲ್ಲಿ ಮತ್ತು ಈ ದತ್ತಿಯನ್ನು ಸ್ಥಾಪಿಸಿದ ಕುಟುಂಬದವರಲ್ಲಿ ನನ್ನದೊಂದು ಬೇಡಿಕೆ. ಮೂರು ವರ್ಷದ ಹಿಂದಿನ ಪ್ರವೇಶ ಪಟ್ಟಿಯನ್ನು ಕಚೇರಿಯಿಂದ ತರಿಸಿ. ಈ ವರ್ಷ ಅಂತಿಮ ಸೆಮಿಸ್ಟರಿನ ಪರೀಕ್ಷೆ ಕಟ್ಟಿದವರ ಹೆಸರುಗಳನ್ನು ಅದರಲ್ಲಿ ಹೊಡೆದುಹಾಕಿ. ಉಳಿದ ಹೆಸರುಗಳಿಗೆ ಒಬ್ಬೊಬ್ಬರಂತೆ ಫೋನ್ ಮಾಡಿ ಏಕೆ ಬಿಟ್ಟಿರಿ ಎಂದು ಕೇಳಿ, ಕಾರಣವನ್ನು ಅವರದೇ ಮಾತಿನಲ್ಲಿ ಬರೆದಿಡಿ. ಮದುವೆಯಾದವರು, ಬೆಂಗಳೂರಿನ ಕಾರ್ಖಾನೆಗೆ ಹೋದವರು, ಒಂದೇ ವಿಷಯ ಬಾಕಿ ಉಳಿದು ಮುಖ ತೋರಿಸಲು ಅಂಜಿದವರು, ಹೀಗೆ ಬೇರೆ ಬೇರೆ ಕಾರಣ ಬರುತ್ತವೆ. ಕೆಲವನ್ನು ಕಾಲೇಜು ಸರಿಪಡಿಸಬಲ್ಲದು, ಕೆಲವನ್ನು ಆಗದು. ಯಾವುದು ಯಾವುದೆಂದು ಗೊತ್ತಾದ ಮೇಲೆ ಗುರಿಗಳನ್ನು ಬರೆಯೋಣ. ಮುಂದಿನ ವರ್ಷದ ದತ್ತಿ ಉಪನ್ಯಾಸಕ್ಕೆ ಹೊರಗಿನಿಂದ ಯಾರನ್ನೂ ಕರೆಸಬೇಡಿ. ಆ ಪಟ್ಟಿಯನ್ನು ಇಲ್ಲಿ ಓದಿಸಿ. ಉಪನ್ಯಾಸಕರಿಗೆ ಕೊಡುವ ಸಂಭಾವನೆಯಲ್ಲಿ, ಬಿಟ್ಟುಹೋದವರಲ್ಲಿ ಮರಳಿ ಬರಲೊಪ್ಪಿದವರ ಪರೀಕ್ಷಾ ಶುಲ್ಕ ಕಟ್ಟಿ.